ಬೆಬ್ ಮನೆತನದ ಬೇರು: ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣಕ್ಕೆ ಪತ್ರಬರಹಗಾರನೊಬ್ಬನ ಅಂಕ

ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣಕ್ಕೆ ನಾನು ಐದಕ್ಕೆ ಐದು ಅಂಕ ಕೊಡುತ್ತೇನೆ. ಯಾಕೆ ಎಂದು ಹೇಳುವ ಮೊದಲು ನಾನು ಯಾರು ಎಂದು ತಿಳಿಸಬೇಕು. ನಾನು ಬಂಗಾರಪೇಟೆಯಲ್ಲಿ ಪತ್ರಬರಹಗಾರ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಉಯಿಲು, ವಂಶವೃಕ್ಷ ಬರೆಯುವುದೇ ನನ್ನ ಜೀವನ. ವಂಶವೃಕ್ಷದಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಬಿಟ್ಟುಹೋದ ಕಾರಣಕ್ಕೆ ಒಡಹುಟ್ಟಿದವರು ವರ್ಷಗಟ್ಟಲೆ ಕೋರ್ಟಿಗೆ ಅಲೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಕಾಗದ ತೋರಿಸದೆ ಹೆಸರುಗಳನ್ನು ಪೋಣಿಸಿಕೊಡುವ ಯಾವ ಸೇವೆಯನ್ನೂ ನಾನು ನಂಬುವುದಿಲ್ಲ. ಈ ಗ್ರಂಥಾಲಯ ಕಾಗದವನ್ನೇ ತೋರಿಸುತ್ತದೆ. ಅದಕ್ಕೆ ಒಂದು ಕಾಸನ್ನೂ ಕೇಳುವುದಿಲ್ಲ.

ಬಂಗಾರಪೇಟೆಯವನಿಗೆ ವೇಲ್ಸಿನ ಗೊಡವೆ ಹೇಗೆ ಬಂತು ಎಂದರೆ, ನನಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಟೀಚರ್ ಒಬ್ಬರು ಕೋಲಾರ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿದ್ದಾರೆ. ಆಂಗ್ಲೋ ಇಂಡಿಯನ್ ಮನೆತನ. ವಯಸ್ಸು ಎಂಬತ್ತು ದಾಟಿದೆ. ಅವರ ಅಕ್ಕತಂಗಿಯರೆಲ್ಲ ಆಸ್ಟ್ರೇಲಿಯಾಕ್ಕೆ ಹೋದರು, ಇವರು ಹೋಗಲಿಲ್ಲ. ಮದುವೆಗೆ ಮುಂಚೆ ಇವರ ಮನೆತನದ ಹೆಸರು ಬೆಬ್. ಕೆಜಿಎಫ್‌ನಲ್ಲಿ ಆ ಹೆಸರಿನ ಇನ್ನೊಂದು ಮನೆಯನ್ನು ನಾನು ಕೇಳಿಲ್ಲ. ಒಂದು ಉಯಿಲಿನ ವಿಷಯಕ್ಕೆ ಅವರ ಮನೆಗೆ ಹೋಗಿದ್ದಾಗ ಅವರೇ ಮಾತು ತೆಗೆದರು.

“ಏನಪ್ಪಾ, ತಾಲ್ಲೂಕಿನವರಿಗೆಲ್ಲ ವಂಶವೃಕ್ಷ ಬರೆದುಕೊಡುತ್ತೀಯ. ನನ್ನದನ್ನು ಯಾವಾಗ ಬರೆಯುತ್ತೀಯ?”

“ನೀವು ಹೇಳಿ ಟೀಚರ್, ಯಾರಿಂದ ಶುರು ಮಾಡಲಿ?”

“ನನ್ನ ತಾತನಿಂದ. ಅವರಿಗಿಂತ ಹಿಂದಿನವರು ನನಗೆ ಯಾರೂ ಗೊತ್ತಿಲ್ಲ. ಅವರನ್ನು ಇಂಗ್ಲೆಂಡಿನವರು ಎಂದು ಯಾರಾದರೂ ಹೇಳಿದರೆ ನಮ್ಮ ಅಪ್ಪ ಬಿಡುತ್ತಿರಲಿಲ್ಲ. ವೇಲ್ಸಿನವರು ಎಂದು ತಿದ್ದುತ್ತಿದ್ದರು. ಅಷ್ಟೇ ಗೊತ್ತು.”

ಆ ತಾತನ ಪೂರ್ತಿ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮನೆಯವರಿಗೆ ಅದು ಇಷ್ಟವಿಲ್ಲ. ಬೆಬ್ ತಾತ ಎಂದಷ್ಟೇ ಕರೆಯುತ್ತೇನೆ.

ವೇಲ್ಸಿನವರ ಹಿಂದಿನ ತಲೆಮಾರು ಹುಡುಕುವುದು ಇಂಗ್ಲೆಂಡಿನವರದಕ್ಕಿಂತ ಕಷ್ಟ. ಕಾರಣ ಹೆಸರು. ಅಲ್ಲಿ ಬಹುಕಾಲ ಮನೆತನದ ಹೆಸರೇ ಇರಲಿಲ್ಲ. ತಂದೆಯ ಹೆಸರಿನ ಹಿಂದೆ ‘ಆಪ್’ ಅಥವಾ ‘ಆಬ್’ ಸೇರಿಸಿ ಇಂಥವನ ಮಗ ಎನ್ನುತ್ತಿದ್ದರು. ನಮ್ಮ ಕೋಲಾರದ ಕಡೆ ಮುನಿಯಪ್ಪನ ಮಗ ಎಂ. ನಾರಾಯಣಪ್ಪ, ಆ ನಾರಾಯಣಪ್ಪನ ಮಗ ಎನ್. ರಮೇಶ ಆಗುವ ಹಾಗೆ ಪ್ರತಿ ತಲೆಮಾರಿಗೂ ಬಾಲ ಬದಲಾಗುತ್ತಿತ್ತು. 1536 ಮತ್ತು 1543ರ ಶಾಸನಗಳಿಂದ ವೇಲ್ಸ್ ಇಂಗ್ಲಿಷ್ ಕಾನೂನಿಗೆ ಒಳಪಟ್ಟಿತು. ಆಮೇಲೆ ಜಮೀನುದಾರ ಮನೆತನಗಳು ಮೊದಲು ಸ್ಥಿರವಾದ ಹೆಸರು ಹಿಡಿದವು. ಬಡವರ ಮನೆಗಳಲ್ಲಿ, ಅದರಲ್ಲೂ ಗುಡ್ಡಗಾಡಿನಲ್ಲಿ, ಹಳೆಯ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಶುರುವಿನವರೆಗೂ ಉಳಿಯಿತು. ಆಪ್ ರೀಸ್ ಪ್ರೈಸ್ ಆದ, ಆಬ್ ಓವೆನ್ ಬೋವೆನ್ ಆದ, ಆಪ್ ಹ್ಯೂ ಪ್ಯೂ ಆದ, ಆಬ್ ಇವಾನ್ ಬೆವಾನ್ ಆದ. ಜಾನ್‌ನ ಮಕ್ಕಳು ಜೋನ್ಸ್ ಆದರು. ತಂದೆಯಂದಿರ ಹೆಸರುಗಳೇ ಬೆರಳೆಣಿಕೆಯಷ್ಟು ಇದ್ದುದರಿಂದ ಊರು ತುಂಬ ಜೋನ್ಸ್, ಡೇವಿಸ್, ವಿಲಿಯಮ್ಸ್, ಇವಾನ್ಸ್. ಹೆಂಗಸರು ಮದುವೆಯ ನಂತರವೂ ತವರಿನ ಹೆಸರಿನಲ್ಲೇ ಉಳಿಯುತ್ತಿದ್ದ ಕಾರಣ, ಸಮಾಧಿಯ ಕಲ್ಲಿನ ಮೇಲೆ ಗಂಡನಿಗೊಂದು ಹೆಸರು, ಹೆಂಡತಿಗೊಂದು ಹೆಸರು ಕಂಡರೆ ಗಾಬರಿಯಾಗಬೇಕಾಗಿಲ್ಲ.

ಇಂಥ ಕಡೆ ಬೆಬ್ ಎಂಬ ಹೆಸರು ಸಿಕ್ಕಿದ್ದು ಟೀಚರ ಪುಣ್ಯ. ಜಾನ್ ಜೋನ್ಸ್ ಆಗಿದ್ದರೆ ನಾನು ಮೊದಲ ವಾರವೇ ಕೈಚೆಲ್ಲುತ್ತಿದ್ದೆ. ಈ ಹೆಸರಿನವರು ಹೆಚ್ಚಾಗಿ ಕಾಣುವುದು ಮಧ್ಯ ವೇಲ್ಸಿನ ಮಾಂಟ್‌ಗೊಮರಿ ಸೀಮೆಯಲ್ಲಿ, ಅದರಲ್ಲೂ ಲಾನ್‌ಬ್ರಿನ್‌ಮೈರ್ ಎಂಬ ಪ್ಯಾರಿಷ್ಷಿನ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರಿನ, ಸುತ್ತಮುತ್ತ. ಆದರೆ ಅಪರೂಪದ ಹೆಸರಿಗೂ ಅದರದೇ ಕಾಟವಿದೆ. ಬರೆಯುವ ಗುಮಾಸ್ತನಿಗೆ ಅದು ಪರಿಚಿತವಲ್ಲ, ಮುಂದೆ ಅದನ್ನು ಓದಿ ಕಂಪ್ಯೂಟರಿಗೆ ಏರಿಸುವವನಿಗೂ ಪರಿಚಿತವಲ್ಲ. ಹಾಗಾಗಿ ಬೆಬ್ ಒಂದು ಕಡೆ ವೆಬ್ ಆಗಿದೆ, ಇನ್ನೊಂದು ಕಡೆ ಬಾಬ್, ಮತ್ತೊಂದು ಕಡೆ ಬಿಬ್. ಹುಡುಕುವಾಗ ಸ್ವರ ಬರುವ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುವುದನ್ನು ರೂಢಿ ಮಾಡಿಕೊಳ್ಳಿ. ವಂಶದ ದಾಖಲೆ ಹುಡುಕಿಕೊಡುವ ಫ್ಯಾಮಿಲಿ ಸರ್ಚ್ ಜಾಲತಾಣ ಅದನ್ನು ಒಪ್ಪಿಕೊಂಡು ಆ ಜಾಗದಲ್ಲಿ ಯಾವ ಅಕ್ಷರವಿದ್ದರೂ ತೋರಿಸುತ್ತದೆ. ವೆಬ್ ಎಂಬ ಹೆಸರನ್ನು ಮಾತ್ರ ಬೇರೆಯಾಗಿಯೇ ಹುಡುಕಬೇಕು.

ಹಣ ಕಟ್ಟಿದ ಒಂದು ಸೇವೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಅದರ ಹೆಸರು ಬೇಡ. ಪರ್ತ್‌ನಲ್ಲಿರುವ ಟೀಚರ ತಂಗಿಯ ಮಗ ಅದಕ್ಕೆ ಚಂದಾದಾರ. ನಾನು ಕೆಲಸ ಶುರು ಮಾಡುವ ಮೊದಲೇ ಆತ ಒಂದು ವಂಶವೃಕ್ಷ ಕಳುಹಿಸಿದ್ದ, ಬಣ್ಣಬಣ್ಣದ ಕೊಂಬೆಗಳು, ಎಲೆಗಳು. ಅದರ ಪ್ರಕಾರ ಬೆಬ್ ತಾತ ಅಮೆರಿಕದ ಓಹಾಯೊ ರಾಜ್ಯದ ಗವರ್ನರ್ ಆಗಿದ್ದ ವಿಲಿಯಂ ಬೆಬ್ ಅವರ ಮೊಮ್ಮಗ. ವಿಲಿಯಂ ಬೆಬ್ ಇದ್ದದ್ದು ನಿಜ, 1846ರಿಂದ 1849ರವರೆಗೆ ಗವರ್ನರ್ ಆಗಿದ್ದದ್ದೂ ನಿಜ. ಅವರ ತಂದೆ ಲಾನ್‌ಬ್ರಿನ್‌ಮೈರ್‌ನಿಂದ 1795ರಲ್ಲಿ ಹೊರಟ ಗುಂಪಿನಲ್ಲಿದ್ದವರು. ಆದರೆ ಗವರ್ನರ್ ಹುಟ್ಟಿದ್ದೇ ಓಹಾಯೊದಲ್ಲಿ, 1802ರಲ್ಲಿ. ಅವರ ಮೊಮ್ಮಗ ವೇಲ್ಸಿಗೆ ಯಾವಾಗ ಹಿಂತಿರುಗಿದ, ಗಣಿಗೆ ಯಾಕೆ ಇಳಿದ ಎಂಬುದಕ್ಕೆ ಆ ಮರದಲ್ಲಿ ಒಂದು ಕಾಗದವೂ ಇಲ್ಲ. ಇನ್ನೊಂದು ಕೊಂಬೆಯಲ್ಲಿ ತಾಯಿ ಹುಟ್ಟಿದ ವರ್ಷಕ್ಕೂ ಮಗ ಹುಟ್ಟಿದ ವರ್ಷಕ್ಕೂ ಏಳೇ ವರ್ಷದ ಅಂತರ! ಯಾರೋ ಒಬ್ಬರು ಊಹಿಸಿ ಬರೆದದ್ದನ್ನು ಹತ್ತು ಜನ ನಕಲು ಮಾಡಿಕೊಂಡಿದ್ದರು. ಆ ಸೇವೆ ಅದನ್ನೇ ‘ನಿಮ್ಮ ಪೂರ್ವಜರು ಸಿಕ್ಕಿದ್ದಾರೆ’ ಎಂದು ಮುಂದೆ ತಳ್ಳುತ್ತಿತ್ತು. ಚಂದಾ ಬೇಡವೆಂದ ಮೇಲೂ ಆತನ ಕಾರ್ಡಿನಿಂದ ಮುಂದಿನ ವರ್ಷದ ಹಣ ಕಡಿತವಾಯಿತು. ಇದು ನನಗೆ ನಿಜವಾಗಿಯೂ ಸಿಟ್ಟು ತರಿಸಿದ ವಿಷಯ. ಸತ್ತವರ ಹೆಸರಿನಲ್ಲಿ ಸುಳ್ಳು ವಂಶ ಕಟ್ಟಿ ಬದುಕಿರುವವರಿಂದ ಹಣ ಪಡೆಯುವುದು ಸಣ್ಣ ತಪ್ಪಲ್ಲ.

ನಾನು ಆ ಮರವನ್ನು ಪಕ್ಕಕ್ಕಿಟ್ಟು, ನಮ್ಮ ಕೆಲಸದಲ್ಲಿ ಮಾಡುವಂತೆ ಕೈಯಲ್ಲಿರುವ ಕೊನೆಯ ಕಾಗದದಿಂದ ಹಿಂದಕ್ಕೆ ನಡೆದೆ. ಟೀಚರ ಜನನ, ಅವರ ತಂದೆಯ ದೀಕ್ಷಾಸ್ನಾನ, ತಾತನ ಮದುವೆ. ಇಷ್ಟು ಭಾಗ ಇಲ್ಲಿಯದೇ. ಕೆಜಿಎಫ್ ಮೈಸೂರು ಸಂಸ್ಥಾನದಲ್ಲಿದ್ದರೂ ಆಂಗ್ಲಿಕನ್ ಚರ್ಚಿನ ಲೆಕ್ಕದಲ್ಲಿ ಮದ್ರಾಸಿಗೆ ಸೇರಿತ್ತು. ಪಾದ್ರಿಗಳು ಬರೆದ ದೀಕ್ಷಾಸ್ನಾನ, ಮದುವೆ, ಮರಣದ ವಿವರಗಳ ನಕಲು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಇಂದು ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಆದ್ದರಿಂದ ಮೈಸೂರು ಎಂದು ಹುಡುಕಿದವರಿಗೆ ನಿರಾಶೆ, ಮದ್ರಾಸ್ ಎಂದು ಹುಡುಕಬೇಕು. ಬ್ರಿಟಿಷ್ ಇಂಡಿಯಾದ ಕುಟುಂಬಗಳಿಗಾಗಿಯೇ 1998ರಲ್ಲಿ ಹುಟ್ಟಿದ ಫಿಬಿಸ್ ಎಂಬ ಸಂಘದ ಸೂಚಿ ಇದಕ್ಕೆ ಉಚಿತವಾಗಿ ನೆರವಾಗುತ್ತದೆ. ಸ್ವಯಂಸೇವಕರು ಕೂತು ಮಾಡಿದ ಕೆಲಸ. ಫ್ಯಾಮಿಲಿ ಸರ್ಚ್‌ನಲ್ಲೂ ಭಾರತದ ದೀಕ್ಷಾಸ್ನಾನ ಮತ್ತು ಮದುವೆಗಳ ಸೂಚಿ ಇದೆ. ಇವೆರಡಕ್ಕೂ ಐದಕ್ಕೆ ನಾಲ್ಕು.

ಬೆಬ್ ತಾತನ ಮದುವೆಯ ದಾಖಲೆ ಸಿಕ್ಕಿತು. ಕಸುಬು ಗಣಿಗಾರ. ತಂದೆಯ ಹೆಸರು ಜಾನ್ ಬೆಬ್. ವಯಸ್ಸನ್ನು ಕಳೆದರೆ ಹುಟ್ಟಿದ್ದು 1862ರ ಆಸುಪಾಸು. ಇಲ್ಲಿಗೆ ಭಾರತದ ಭಾಗ ಮುಗಿಯಿತು.

ಕೆಜಿಎಫ್‌ಗೆ ಬಂದ ಬಿಳಿಯ ಗಣಿಗಾರರೆಲ್ಲ ಕಾರ್ನ್‌ವಾಲಿನವರು ಎಂದು ನಮ್ಮಲ್ಲಿ ಮಾತಿದೆ. ಬಹಳ ಜನ ಅಲ್ಲಿಂದ ಬಂದದ್ದು ನಿಜವೇ. ಆದರೆ 1880ರಲ್ಲಿ ಇಲ್ಲಿಗೆ ಕಾಲಿಟ್ಟ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಹಿಂದಿನ ಕಥೆ ನೋಡಿದರೆ ವೇಲ್ಸ್ ಕೂಡ ಕಾಣುತ್ತದೆ. ಸಂಸ್ಥೆಯ ಮೂಲಪುರುಷ ಜಾನ್ ಟೇಲರ್ 1834ರಲ್ಲಿ ಮಧ್ಯ ವೇಲ್ಸಿನ ಕಾರ್ಡಿಗನ್ ಸೀಮೆಯ ಲಿಸ್ಬರ್ನ್ ಸೀಸದ ಗಣಿಗಳನ್ನು ಕೈಗೆ ತೆಗೆದುಕೊಂಡವರು. ಅದರ ಪಕ್ಕದ ಮಾಂಟ್‌ಗೊಮರಿ ಸೀಮೆಯಲ್ಲಿ ಡಿಲೈವ್ ಎಂಬ ಸೀಸದ ಗಣಿ ಇತ್ತು. 1858ರಲ್ಲಿ ರಿಚರ್ಡ್ ಕಾಬ್ಡನ್ ಮತ್ತು ಜಾನ್ ಬ್ರೈಟ್ ಎಂಬ ಹೆಸರಾಂತ ರಾಜಕಾರಣಿಗಳು ಅದರಲ್ಲಿ ಹಣ ಹೂಡಿದ್ದರು. 1870ರ ದಶಕದ ಕೊನೆಯಲ್ಲಿ ಸೀಸದ ಬೆಲೆ ಕುಸಿದು ಆ ಗಣಿಗಳೆಲ್ಲ ಸೊರಗಿದವು. ಕೆಲಸವಿಲ್ಲದೆ ಜನ ಊರು ಬಿಟ್ಟರು. ಅದೇ ಹೊತ್ತಿಗೆ ಇಲ್ಲಿ ಚಿನ್ನದ ಗಣಿ ಶುರುವಾಯಿತು. ಬೆಬ್ ತಾತ ಇದೇ ದಾರಿಯಲ್ಲಿ ಬಂದರು ಎಂದು ಹೇಳುವ ಕಾಗದ ನನ್ನ ಕೈಗೆ ಸಿಕ್ಕಿಲ್ಲ, ಆದ್ದರಿಂದ ವಂಶವೃಕ್ಷದ ಪಕ್ಕದ ಟಿಪ್ಪಣಿಯಲ್ಲಿ ಅದನ್ನು ‘ಸಾಧ್ಯತೆ’ ಎಂದೇ ಬರೆದಿದ್ದೇನೆ.

ಮುಂದಿನ ಹೆಜ್ಜೆ ಜನಗಣತಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1841ರಿಂದ ಹತ್ತು ವರ್ಷಕ್ಕೊಮ್ಮೆ ಹೆಸರು ಹೆಸರಾಗಿ ಬರೆದ ಗಣತಿ ಇದೆ. 1841ರದ್ದರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿರುವುದರಿಂದ ಅದರ ವಯಸ್ಸನ್ನು ಹಿಡಿದು ಕೂರಬಾರದು. 1881ರ ಗಣತಿಯ ಸೂಚಿಯನ್ನು ಫ್ಯಾಮಿಲಿ ಸರ್ಚ್‌ನಲ್ಲಿ ಉಚಿತವಾಗಿ ನೋಡಬಹುದು. ಅಲ್ಲಿ ಒಂದೇ ಹೆಸರಿನ ಇಬ್ಬರು ಬೆಬ್ ಹುಡುಗರು ಸಿಕ್ಕಿದರು. ಹೆಚ್ಚುಕಡಿಮೆ ಒಂದೇ ವಯಸ್ಸು, ಅಕ್ಕಪಕ್ಕದ ಪ್ಯಾರಿಷ್, ಇಬ್ಬರ ತಂದೆಯ ಹೆಸರೂ ಜಾನ್! ಅಪರೂಪದ ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸುವವರು ಇಂಥ ಕಡೆಯೇ ಎಡವುವುದು. ಹೆಸರು ನಿಮ್ಮನ್ನು ಊರಿನ ಬಾಗಿಲಿಗೆ ತಂದು ಬಿಡುತ್ತದೆ, ಮನೆಯನ್ನು ನೀವೇ ಪತ್ತೆ ಮಾಡಬೇಕು.

ಇಬ್ಬರನ್ನು ಬೇರ್ಪಡಿಸಲು ಎರಡು ದಾಖಲೆ ಕೆಲಸಕ್ಕೆ ಬಂದವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ, ಮದುವೆ, ಮರಣ ನೋಂದಣಿ 1837ರ ಜುಲೈ 1ರಂದು ಶುರುವಾಯಿತು. ಸ್ವಯಂಸೇವಕರು ಕಟ್ಟಿದ ಫ್ರೀ ಬಿಎಂಡಿ ಎಂಬ ತಾಣದಲ್ಲಿ ಇದರ ಸೂಚಿ ಉಚಿತ. ಆದರೆ ಹಳೆಯ ಅಚ್ಚಿನ ಸೂಚಿಯಲ್ಲಿ 1911ರವರೆಗೆ ತಾಯಿಯ ತವರಿನ ಹೆಸರಿಲ್ಲ. ಅದು ಬೇಕಾದವರು ಅಲ್ಲಿನ ಜನರಲ್ ರಿಜಿಸ್ಟರ್ ಆಫೀಸಿನ ಸ್ವಂತ ತಾಣಕ್ಕೆ ಹೋಗಬೇಕು. ಖಾತೆ ತೆರೆಯುವುದಕ್ಕೂ ಹುಡುಕುವುದಕ್ಕೂ ಹಣವಿಲ್ಲ, ಪ್ರಮಾಣಪತ್ರದ ನಕಲು ಬೇಕಾದರೆ ಮಾತ್ರ ಶುಲ್ಕ. ಅಲ್ಲಿ ಒಬ್ಬನ ತಾಯಿ ಬ್ರೀಸ್ ಮನೆತನದವಳು, ಇನ್ನೊಬ್ಬನ ತಾಯಿ ಜೋನ್ಸ್ ಎಂದು ತಿಳಿಯಿತು. ಆಮೇಲೆ 1891 ಮತ್ತು 1901ರ ಗಣತಿ ನೋಡಿದಾಗ ಜೋನ್ಸ್‌ಳ ಮಗ ಎರಡರಲ್ಲೂ ಅದೇ ಗುಡ್ಡದ ಮೇಲೆ ಕುರಿ ಸಾಕಿಕೊಂಡು, ಹೆಂಡತಿ ಮಕ್ಕಳೊಡನೆ ಇದ್ದಾನೆ. ಆ ಕಾಲಕ್ಕೆ ನಮ್ಮ ಬೆಬ್ ತಾತ ಕೆಜಿಎಫ್‌ನಲ್ಲಿ ಮದುವೆಯಾಗಿ ನೆಲೆ ನಿಂತಿದ್ದರು. ಒಬ್ಬನೇ ಮನುಷ್ಯ ಎರಡು ಕಡೆ ಇರಲಾರ. ಬ್ರೀಸ್‌ಳ ಮಗ 1881ರಲ್ಲಿ ಹತ್ತೊಂಬತ್ತು ವರ್ಷದ ಸೀಸದ ಗಣಿಗಾರ, 1891ರಲ್ಲಿ ಅಲ್ಲಿ ಇಲ್ಲ.

ಇಷ್ಟಾದ ಮೇಲೆಯೇ ನಾನು ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ತಾಣಕ್ಕೆ ಹೋದದ್ದು. 1907ರಲ್ಲಿ ರಾಜಶಾಸನದ ಮೂಲಕ ಸ್ಥಾಪನೆಯಾದ ಈ ಗ್ರಂಥಾಲಯ ಅಬರಿಸ್ಟ್ವಿತ್ ಎಂಬ ಕಡಲತೀರದ ಊರಿನಲ್ಲಿದೆ. ತಾಣ ವೆಲ್ಷ್ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಇದೆ. ತಮ್ಮ ಭಾಷೆಗೆ ಆ ಮಟ್ಟದ ಗೌರವದ ಜಾಗ ಕೊಟ್ಟಿರುವುದನ್ನು ಕಂಡು ನನಗೆ ಬಹಳ ಸಂತೋಷವಾಯಿತು.

ಇದರ ಮುಕುಟಮಣಿ ಉಯಿಲುಗಳ ಸಂಗ್ರಹ. 1858ರವರೆಗೆ ಉಯಿಲನ್ನು ಊರ್ಜಿತಗೊಳಿಸುತ್ತಿದ್ದದ್ದು ಚರ್ಚಿನ ನ್ಯಾಯಾಲಯಗಳು. ವೇಲ್ಸಿನ ಆ ನ್ಯಾಯಾಲಯಗಳ 1,90,000ಕ್ಕೂ ಹೆಚ್ಚು ಉಯಿಲುಗಳು ಇಲ್ಲಿವೆ, ಬರಿಯ ಸೂಚಿ ಅಲ್ಲ, ಮೂಲ ಕಾಗದದ ಚಿತ್ರವೇ. ಹೆಸರು, ಪ್ಯಾರಿಷ್, ವರ್ಷ ಕೊಟ್ಟರೆ ಸಾಕು. ಬೆಬ್ ಎಂದು ಹಾಕಿ ಲಾನ್‌ಬ್ರಿನ್‌ಮೈರ್ ಆರಿಸಿಕೊಂಡೆ. ಪಟ್ಟಿ ಒಂದೇ ಪರದೆಯಲ್ಲಿ ಮುಗಿಯಿತು. ಜೋನ್ಸ್ ಆಗಿದ್ದರೆ ಎಷ್ಟು ಪುಟವಾಗುತ್ತಿತ್ತೋ!

ಬೆಬ್ ತಾತನ ತಾತನ ಉಯಿಲು ತೆರೆದುಕೊಂಡಿತು. 1840ರ ದಶಕದ್ದು. ಮನೆಯಲ್ಲಿ ವೆಲ್ಷ್ ಮಾತನಾಡುತ್ತಿದ್ದ ರೈತ, ಆದರೆ ಉಯಿಲು ಇಂಗ್ಲಿಷಿನಲ್ಲಿದೆ. ಅಂದಿನ ಕೋರ್ಟಿನ ಭಾಷೆ ಅದೇ. ಬರೆದವನು ಬೇರೆ, ಕೈ ಪಳಗಿದ ಗುಮಾಸ್ತ. ಸಾಲುಗಳು ನೇರವಾಗಿವೆ, ಒಂದೂ ಚಿತ್ತಿಲ್ಲ. ಕೊನೆಯಲ್ಲಿ ರೈತನ ಹೆಸರನ್ನು ಎರಡಾಗಿ ಒಡೆದು, ನಡುವೆ ಜಾಗ ಬಿಟ್ಟು, ಮೇಲೊಂದು ಕೆಳಗೊಂದು ಪದದಲ್ಲಿ ‘ಆತನ ಗುರುತು’ ಎಂದು ಬರೆದಿದ್ದಾನೆ. ನಡುವಿನ ಜಾಗದಲ್ಲಿ ಒಂದು ಶಿಲುಬೆಯ ಗೆರೆ. ನಿಲುವಿನ ಗೆರೆ ದಪ್ಪ, ಶಾಯಿ ಹೆಚ್ಚಾಗಿ ಕಾಗದಕ್ಕೆ ಹರಡಿದೆ. ಅಡ್ಡಗೆರೆ ಸಣಕಲು, ಕೊನೆಗೆ ಹೋಗುವಷ್ಟರಲ್ಲಿ ಮಾಸಿದೆ, ಕೈ ನಡುಗಿರುವುದು ಕಾಣುತ್ತದೆ. ನಾನು ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ. ಪತ್ರದ ಕೊನೆಯಲ್ಲಿ ‘ಬಿಕ್ಕಲಂ’, ಅಂದರೆ ಪತ್ರ ಬರೆದವನು, ಎಂದು ಬರೆದು ಸಹಿ ಹಾಕುವವನು ನಾನು. ಹೆಬ್ಬೆಟ್ಟು ಒತ್ತುವ ಮುದುಕರ ಕೈ ಹಿಡಿದು ಜಾಗ ತೋರಿಸಿದವನು. ಆ ಗುಮಾಸ್ತನೂ ಜಾಗ ತೋರಿಸಿರಬೇಕು.

ಉಯಿಲಿನ ಒಳಗೆ ಏನಿದೆ ಎಂದರೆ, ಹೆಂಡತಿಗೆ ಜೀವಿತಾವಧಿಯವರೆಗೆ ಒಲೆ ಇರುವ ಕೋಣೆ, ಒಂದು ಹಸು, ಅದರ ಮೇವಿಗೆ ಬೇಕಾದ ಹುಲ್ಲು. ಹಿರಿಯ ಮಗನಿಗೆ ಗೇಣಿ ಜಮೀನಿನ ಸಾಗುವಳಿ, ಎತ್ತಿನ ಜೋಡಿ, ಉಳಿದ ಜಾನುವಾರು. ಇಬ್ಬರು ಹೆಣ್ಣುಮಕ್ಕಳಿಗೆ ಇಂತಿಷ್ಟು ಹಣ, ಒಬ್ಬಳಿಗೆ ಹಾಸಿಗೆ, ಇನ್ನೊಬ್ಬಳಿಗೆ ಓಕ್ ಮರದ ಬೀರು. ಕಿರಿಯ ಮಗ ಜಾನ್‌ಗೆ ಒಂದು ಷಿಲಿಂಗ್. ಈ ಜಾನ್‌ನೇ ಬೆಬ್ ತಾತನ ತಂದೆ. ಜೊತೆಗೆ ನೆರೆಹೊರೆಯವರು ಬಂದು ಮಾಡಿದ ಆಸ್ತಿಯ ಪಟ್ಟಿ ಇದೆ. ಕುರಿ, ಕುದುರೆಮರಿ, ಕಂಚಿನ ಪಾತ್ರೆ, ಪ್ರತಿಯೊಂದಕ್ಕೂ ಬೆಲೆ ಕಟ್ಟಿದ್ದಾರೆ.

ಟೀಚರಿಗೆ ಇದನ್ನು ಓದಿ ಹೇಳಿದಾಗ ಷಿಲಿಂಗಿನ ಸಾಲಿಗೆ ಅವರ ಮುಖ ಇಳಿದುಹೋಯಿತು. “ಒಂದೇ ಷಿಲಿಂಗಾ? ಅವನೇನು ತಪ್ಪು ಮಾಡಿದ್ದನಪ್ಪಾ?” ಎಂದರು. ನಾನು ಹೇಳಿದೆ: “ಟೀಚರ್, ಇದನ್ನು ನಾನು ವಾರಕ್ಕೊಂದು ಬರೆಯುತ್ತೇನೆ. ಮೊದಲೇ ಪಾಲು ಪಡೆದು ಬೇರೆ ಹೋದ ಮಗನ ಹೆಸರನ್ನು ಬಿಟ್ಟರೆ, ನಾಳೆ ಅವನು ಬಂದು ಅಪ್ಪ ನನ್ನನ್ನು ಮರೆತು ಬರೆದಿದ್ದಾನೆ ಎಂದು ತಕರಾರು ತೆಗೆಯಬಹುದು. ಆದ್ದರಿಂದ ಹೆಸರು ಸೇರಿಸಿ ಒಂದು ಸಣ್ಣ ಮೊತ್ತ ತೋರಿಸುತ್ತೇವೆ. ಇದು ಸಿಟ್ಟಿನಿಂದ ಬರೆದ ಸಾಲೇ ಆಗಬೇಕೆಂದಿಲ್ಲ.” ಅವರು ಸ್ವಲ್ಪ ಹೊತ್ತು ಯೋಚಿಸಿ, “ಆ ಷಿಲಿಂಗ್ ಇಲ್ಲದಿದ್ದರೆ ಇವನು ಅವರ ಮಗ ಎಂದು ನಮಗೆ ಗೊತ್ತೇ ಆಗುತ್ತಿರಲಿಲ್ಲ, ಅಲ್ಲವೇ?” ಎಂದರು. ನನ್ನ ಇಂಗ್ಲಿಷ್ ಟೀಚರ್ ಒಂದೇ ಮಾತಿನಲ್ಲಿ ವಿಷಯದ ಬುಡಕ್ಕೆ ಹೋದರು. ಇಂಥ ಉಯಿಲು ಮಕ್ಕಳನ್ನು ಹೆಸರಿಸುತ್ತದೆ, ಸಂಬಂಧವನ್ನು ಬರೆದ ಮನುಷ್ಯನ ಬಾಯಿಂದಲೇ ಹೇಳಿಸುತ್ತದೆ. ಗಣತಿಯೂ ದೀಕ್ಷಾಸ್ನಾನದ ಪುಸ್ತಕವೂ ಈ ಭರವಸೆ ಕೊಡಲಾರವು.

ಎರಡನೆಯ ನಿಧಿ ಟೈತ್ ನಕ್ಷೆಗಳು. ಬೆಳೆಯಲ್ಲಿ ಚರ್ಚಿಗೆ ಸಲ್ಲುತ್ತಿದ್ದ ಹತ್ತನೆಯ ಒಂದು ಪಾಲನ್ನು ಹಣಕ್ಕೆ ಬದಲಾಯಿಸಲು 1836ರಲ್ಲಿ ಕಾಯ್ದೆ ಬಂತು. ಅದಕ್ಕಾಗಿ ಪ್ಯಾರಿಷ್ ಪ್ಯಾರಿಷ್‌ನ ಹೊಲಗಳನ್ನು ಅಳೆದು ನಕ್ಷೆ ಬರೆದರು. ಗ್ರಂಥಾಲಯ ಈ ನಕ್ಷೆಗಳನ್ನೂ ಅವುಗಳ ಪುಸ್ತಕಗಳನ್ನೂ ಸೇರಿಸಿ, ಇಂದಿನ ನಕ್ಷೆಯ ಮೇಲೆ ಕೂರಿಸಿ ಉಚಿತವಾಗಿ ಇಟ್ಟಿದೆ. ಹೊಲದ ಸಂಖ್ಯೆ, ಹೆಸರು, ಒಡೆಯ, ಸಾಗುವಳಿ ಮಾಡುವವನು, ವಿಸ್ತೀರ್ಣ, ಉಪಯೋಗ. ನಮ್ಮ ಪಹಣಿಯ ಕಲಂಗಳೇ! ಪಹಣಿ ಓದಲು ಬರುವ ಯಾವ ಕೋಲಾರದ ರೈತನಿಗೂ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸಾಗುವಳಿದಾರನ ಕಲಂನಲ್ಲಿ ಬೆಬ್ ಸಿಕ್ಕಿದ. ಒಡೆಯನ ಕಲಂನಲ್ಲಿ ಸರ್ ವಾಟ್ಕಿನ್ ವಿಲಿಯಮ್ಸ್ ವಿನ್, ಆ ಸೀಮೆಯ ಭಾರಿ ಜಮೀನುದಾರ. ಇದೇ ಪ್ಯಾರಿಷ್ಷಿನ ಸ್ಯಾಮ್ಯುಯೆಲ್ ರಾಬರ್ಟ್ಸ್ ಎಂಬ ಬೋಧಕರು ಗೇಣಿದಾರರು ಜಮೀನು ಹಸನು ಮಾಡಿದಷ್ಟೂ ಗೇಣಿ ಏರಿಸುವ ಅನ್ಯಾಯದ ವಿರುದ್ಧ ಬರೆದು, 1857ರಲ್ಲಿ ತಾವೇ ಅಮೆರಿಕದ ಟೆನೆಸಿಗೆ ಹೊರಟುಹೋದರು. ಈ ಹಿನ್ನೆಲೆ ತಿಳಿದ ಮೇಲೆ ಕಿರಿಯ ಮಗ ಹೊಲ ಬಿಟ್ಟು ಗಣಿ ಹಿಡಿದದ್ದು ನನಗೆ ಆಶ್ಚರ್ಯವಾಗಲಿಲ್ಲ. ಒಂದೇ ಗೇಣಿ ಹೊಲದಲ್ಲಿ ಎಷ್ಟು ಜನ ಬದುಕಬೇಕು?

ಪತ್ರಿಕೆಗಳ ವಿಭಾಗದಲ್ಲಿ 1919ರವರೆಗಿನ ವೇಲ್ಸ್ ಪತ್ರಿಕೆಗಳ 11 ಲಕ್ಷದಷ್ಟು ಪುಟಗಳಿವೆ. ಯಂತ್ರವೇ ಅಕ್ಷರಗಳನ್ನು ಗುರುತಿಸಿರುವುದರಿಂದ ಅಪರೂಪದ ಹೆಸರು ಇಲ್ಲೂ ಅಲ್ಲಲ್ಲಿ ಕೆಡುತ್ತದೆ, ಆದ್ದರಿಂದ ಹೆಸರಿನ ಜೊತೆ ಊರಿನ ಹೆಸರನ್ನೂ ಹಾಕಿ ಹುಡುಕುವುದು ಒಳ್ಳೆಯದು. ಬ್ರೀಸ್ ಮನೆತನದ ಆ ತಾಯಿಯ ಮರಣದ ಸುದ್ದಿ ಒಂದು ವೆಲ್ಷ್ ಪತ್ರಿಕೆಯಲ್ಲಿ ಸಿಕ್ಕಿತು. ಯಂತ್ರಾನುವಾದದ ನೆರವಿನಿಂದ ಓದಿದೆ. ಒಬ್ಬ ಮಗ ಇಂಡಿಯಾದ ಚಿನ್ನದ ಗಣಿಯಲ್ಲಿದ್ದಾನೆ ಎಂದು ಅದರಲ್ಲಿದೆ. ನನ್ನ ಸರಪಳಿಯ ಕೊನೆಯ ಕೊಂಡಿ ಕೂಡಿದ್ದು ಈ ಸಾಲಿನಲ್ಲಿ.

ಇದನ್ನು ಬಳಸುವವರಿಗೆ ಎರಡು ಮಾತು. ಮೊಬೈಲಿನಲ್ಲಿ ಉಯಿಲು ಓದಲು ಹೋಗಬೇಡಿ, ಕಣ್ಣು ಕೆಡುತ್ತದೆ, ದೊಡ್ಡ ಪರದೆ ಬೇಕು. ನಾನು ಮಗಳ ಲ್ಯಾಪ್‌ಟಾಪ್ ಬಳಸಿದೆ. 1858ರ ನಂತರದ ಉಯಿಲುಗಳನ್ನು ಈ ಸಂಗ್ರಹದಲ್ಲಿ ಹುಡುಕಬೇಡಿ, ಅಲ್ಲಿಂದ ಮುಂದೆ ಆ ಅಧಿಕಾರ ಸರ್ಕಾರದ ನ್ಯಾಯಾಲಯಕ್ಕೆ ಹೋಯಿತು. ಚರ್ಚಿನ ಪುಸ್ತಕದಲ್ಲಿ ಹೆಸರು ಸಿಗದಿದ್ದರೆ ಧೈರ್ಯಗೆಡಬೇಡಿ. ವೇಲ್ಸಿನಲ್ಲಿ ಆಂಗ್ಲಿಕನ್ ಚರ್ಚು ಬಿಟ್ಟು ತಮ್ಮದೇ ಪ್ರಾರ್ಥನಾಮಂದಿರ ಕಟ್ಟಿಕೊಂಡವರು ಬಹಳ. ಲಾನ್‌ಬ್ರಿನ್‌ಮೈರ್ ಅದಕ್ಕೆ ಹೆಸರುವಾಸಿ, ಅಲ್ಲಿನ ಹಳೆಯ ಮಂದಿರ 1739ರದ್ದು. ಅಂಥ ಮಂದಿರಗಳ ಪುಸ್ತಕಗಳನ್ನು ಸರ್ಕಾರ 1837ರ ನಂತರ ತರಿಸಿಕೊಂಡಿತ್ತು, ಅವು ಲಂಡನ್ನಿನ ರಾಷ್ಟ್ರೀಯ ದಾಖಲೆಗಳಲ್ಲಿ ಬೇರೆಯಾಗಿವೆ. ಬದುಕಿರುವವರ ಹೆಸರು, ಹುಟ್ಟಿದ ದಿನಾಂಕಗಳನ್ನು ಯಾವ ಸಾರ್ವಜನಿಕ ಮರಕ್ಕೂ ಏರಿಸಬೇಡಿ. ಇದನ್ನು ಪರ್ತ್‌ನ ಹುಡುಗನಿಗೂ ಹೇಳಿದ್ದೇನೆ.

ಟೀಚರ ವಂಶವೃಕ್ಷ ಸಿದ್ಧವಾಗಿದೆ. ಹಸಿರು ಕಾಗದದಲ್ಲಿ, ನಮ್ಮ ಕಚೇರಿಯ ನಮೂನೆಯಲ್ಲೇ ಬರೆದು, ಪ್ರತಿ ಹೆಸರಿನ ಎದುರು ಯಾವ ದಾಖಲೆ, ಯಾವ ವರ್ಷ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ. ಉಯಿಲಿನ ಚಿತ್ರವನ್ನು ರಾಬರ್ಟ್‌ಸನ್‌ಪೇಟೆಯಲ್ಲಿ ದೊಡ್ಡ ಅಳತೆಯಲ್ಲಿ ಮುದ್ರಿಸಿ ಜೊತೆಗಿಟ್ಟಿದ್ದೇನೆ. ಒಂದು ಕಲಂ ಮಾತ್ರ ಖಾಲಿ. ತಾತ ಯಾವ ಹಡಗಿನಲ್ಲಿ, ಯಾವ ವರ್ಷ ಬಂದರು ಎಂದು ಟೀಚರ್ ಕೇಳಿದ್ದರು. ಬ್ರಿಟನ್ನಿನಿಂದ ಹೊರಟ ಪ್ರಯಾಣಿಕರ ಪಟ್ಟಿಗಳ ಮುಖ್ಯ ಸಂಗ್ರಹ ಶುರುವಾಗುವುದೇ 1890ರಿಂದ, ಅಷ್ಟರಲ್ಲಿ ತಾತ ಬಂದಾಗಿತ್ತು. ಊಹೆ ಬರೆಯಲು ನನ್ನ ಕೈ ಬರಲಿಲ್ಲ. ಉರಿಗಾಂ, ನಂದಿದುರ್ಗ, ಚಾಂಪಿಯನ್ ರೀಫ್ಸ್ ಕಡೆಯ ಯಾರ ಮನೆಯಲ್ಲಾದರೂ 1880ರ ದಶಕದ ಗಣಿಯ ನೇಮಕದ ಕಾಗದ, ಸಂಬಳದ ಪುಸ್ತಕ, ಅಥವಾ ಹಡಗಿನ ಚೀಟಿ ಇದ್ದು ಅದರಲ್ಲಿ ಬೆಬ್ ಎಂಬ ಹೆಸರು ಕಂಡರೆ, ವೆಬ್ ಎಂದು ಬರೆದಿದ್ದರೂ ಸರಿ, ಬಂಗಾರಪೇಟೆಗೆ ಬಂದಾಗ ತನ್ನಿ. ನಕಲು ಮಾಡಿಕೊಂಡು ಮೂಲವನ್ನು ಅಲ್ಲೇ ನಿಮ್ಮ ಕೈಗೆ ಹಿಂತಿರುಗಿಸುತ್ತೇನೆ.